ಬ್ರಾಕೆಟ್ಟಿನೊಳಗಿನ ಐವತ್ತೆಂಟು

ಊರಿನಿಂದ ಬರುತ್ತಿದ್ದ ಹಳೆಯ ಅಂಚೆ ಕಾರ್ಡುಗಳನ್ನು ನೋಡಿದವರಿಗೆ ನೆನಪಿರುತ್ತದೆ. ವಿಳಾಸದಲ್ಲಿ ‘ಮು|| ಪೋ||’, ‘ತಾ||’, ‘ಜಿ||’ ಎಂದಿರುತ್ತಿತ್ತು. ಮುಕ್ಕಾಂ ಪೋಸ್ಟ್, ತಾಲೂಕು, ಜಿಲ್ಲೆ. ಕಾರ್ಡು ತಿರುವಿದರೆ ಮೇಲಿನ ಮೂಲೆಯಲ್ಲಿ ಇನ್ನೊಂದು ‘ತಾ||’. ಅದು ತಾಲೂಕಲ್ಲ, ತಾರೀಖು. ಆದರೂ ಯಾರಿಗೂ ಗೊಂದಲ ಆಗುತ್ತಿರಲಿಲ್ಲ. ಎಲ್ಲಿ ಬಂದರೆ ಯಾವ ಅರ್ಥ ಎಂಬುದು ಬರೆಯುವವರಿಗೂ ಓದುವವರಿಗೂ ಅಂಚೆಯವನಿಗೂ ಗೊತ್ತಿತ್ತು. ಮದುವೆ ಪತ್ರಿಕೆಯ ‘ಚಿ||’ ಮತ್ತು ‘ಚಿ|| ಕುಂ|| ಸೌ||’ ಕೂಡ ಹಾಗೆಯೇ. ಬಿಡಿಸಿ ಹೇಳದಿದ್ದರೂ ಹುಡುಗ ಯಾರು, ಹುಡುಗಿ ಯಾರು ಎಂಬುದು ತಿಳಿಯುತ್ತದೆ.

ಮನಃಶಾಸ್ತ್ರದ ಸಂಶೋಧನಾ ಬರಹಕ್ಕೂ ಇಂಥದೊಂದು ಒಪ್ಪಂದವಿದೆ. ಅದನ್ನು ಕಟ್ಟಿ ಕಾಯುತ್ತಿರುವುದು 1892ರಲ್ಲಿ ಹುಟ್ಟಿದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಅಂದರೆ ಎಪಿಎ. (ಸಂಕ್ಷೇಪವನ್ನು ಮೊದಲ ಸಲ ಬಳಸುವಾಗ ಪೂರ್ತಿ ಹೆಸರು ಬಿಡಿಸಿ ಹೇಳಬೇಕು ಎಂಬುದು ಅವರದೇ ನಿಯಮ, ಪಾಲಿಸಿದ್ದೇನೆ.) 1929ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ ಎಂಬ ನಿಯತಕಾಲಿಕದಲ್ಲಿ ಏಳು ಪುಟದ ಸೂಚನೆಯಾಗಿ ಶುರುವಾದದ್ದು 1952ರಲ್ಲಿ ಕೈಪಿಡಿಯಾಯಿತು. 2019ರಲ್ಲಿ ಬಂದ ಏಳನೆಯ ಆವೃತ್ತಿ ನಾನೂರು ಪುಟ ದಾಟಿದೆ. ನಡುವೆ 2009ರಲ್ಲಿ ಆರನೆಯ ಆವೃತ್ತಿಯ ಮೊದಲ ಮುದ್ರಣದಲ್ಲೇ ಸಾಕಷ್ಟು ತಪ್ಪು ನುಸುಳಿ, ಕೊಂಡವರಿಗೆ ಬದಲಿ ಪ್ರತಿ ಕೊಡಬೇಕಾಯಿತು. ತಪ್ಪಿಲ್ಲದೆ ಬರೆಯುವುದು ಹೇಗೆಂದು ಹೇಳುವ ಪುಸ್ತಕಕ್ಕೇ ಈ ಗತಿ ಬಂದದ್ದು ನೋಡಿ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರುವ ನನಗೂ ಇದಕ್ಕೂ ಏನು ಸಂಬಂಧ ಎಂದರೆ, ನನ್ನ ನಾದಿನಿ. ಧಾರವಾಡದಲ್ಲಿ ಪದವಿ ಮುಗಿಸಿ, ನಮ್ಮ ಮನೆಯಲ್ಲೇ ಇದ್ದುಕೊಂಡು ಪುಣೆಯಲ್ಲಿ ಮನಃಶಾಸ್ತ್ರದ ಎಂ.ಎ. ಮಾಡುತ್ತಿದ್ದಾಳೆ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೂ ಮನೆಯಿಂದ ಬರುವ ವಿದ್ಯಾರ್ಥಿಗಳಿಗೂ ನಿದ್ದೆಯಲ್ಲಿ ವ್ಯತ್ಯಾಸ ಇದೆಯೇ ಎಂಬುದು ಅವಳ ಪ್ರಬಂಧದ ವಿಷಯ. ಅಂಕಿ ಅಂದರೆ ವೈನಿಗೆ ಗೊತ್ತು ಎಂಬ ನಂಬಿಕೆಯಿಂದ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು.

“ವೈನಿ, ಈ ಪಿ ಬೆಲಿ ಬರಿಯೋವಾಗ ಪಾಯಿಂಟಿನ ಮುಂದಿನ ಸೊನ್ನಿ ತಗೀಬೇಕಂತ. ಆದರ ಕೆಳಗಿನ ಸಾಲಿನ್ಯಾಗ ಸೊನ್ನಿ ಇರಬೇಕಂತ. ಇದೇನ್ರಿ ಇದು?”

ಮೊದಲ ನೋಟಕ್ಕೆ ಇದು ಹಟಮಾರಿ ಸಂಪಾದಕನೊಬ್ಬನ ಚಪಲದಂತೆ ಕಾಣುತ್ತದೆ. ಆದರೆ ಇದಕ್ಕೊಂದು ಕಾರಣವಿದೆ. ಸಂಭವನೀಯತೆ, ಅಂದರೆ ‘ಪಿ’, ಒಂದನ್ನು ಎಂದೂ ದಾಟಲಾರದು. ಎರಡು ಸಂಗತಿಗಳ ನಡುವಿನ ಸಹಸಂಬಂಧವನ್ನು ಹೇಳುವ ‘ಆರ್’ ಕೂಡ ದಾಟಲಾರದು. ಅಂಥವುಗಳ ಮುಂದೆ ಸೊನ್ನೆ ಹಾಕುವುದಿಲ್ಲ: .05, .32. ಒಂದನ್ನು ದಾಟಬಲ್ಲ ಅಳತೆಗಳಿಗೆ, ಉದಾಹರಣೆಗೆ ಸರಾಸರಿ ಅಥವಾ ವಿಚಲನೆಗೆ, ಸೊನ್ನೆ ಬೇಕು: 0.45. ಅಂದರೆ ಸೊನ್ನೆ ಇದೆಯೋ ಇಲ್ಲವೋ ಎಂಬುದನ್ನು ನೋಡಿದರೆ ಸಾಕು, ಆ ಅಂಕಿ ಯಾವ ಜಾತಿಯದು ಎಂಬುದು ತಿಳಿಯುತ್ತದೆ. ನಾವು ಪ್ರೋಗ್ರಾಮಿನಲ್ಲಿ ಡೇಟಾ ಟೈಪ್ ಘೋಷಿಸುವ ಹಾಗೆ.

ಇನ್ನು ಮುಂದಿನದನ್ನು ಒಂದು ಉದಾಹರಣೆ ಇಟ್ಟುಕೊಂಡೇ ಹೇಳಬೇಕು. ಅವಳ ಪ್ರಬಂಧದ ನಿಜವಾದ ಅಂಕಿಗಳು ಅವಳವು, ಇಲ್ಲಿ ಕೊಡುವುದಿಲ್ಲ. ಅದೇ ಆಕಾರದ ಅಂಕಿಗಳನ್ನು ನಾನೇ ಕಟ್ಟಿಕೊಂಡಿದ್ದೇನೆ. ನಿದ್ದೆಯನ್ನು ಅಳೆಯಲು ಪಿಟ್ಸ್‌ಬರ್ಗ್ ಸ್ಲೀಪ್ ಕ್ವಾಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿ ಇದೆ. ಸೊನ್ನೆಯಿಂದ 21ರವರೆಗೆ ಅಂಕ. ಅಂಕ ಹೆಚ್ಚಿದಷ್ಟೂ ನಿದ್ದೆ ಕೆಟ್ಟದ್ದು, ಐದು ದಾಟಿದರೆ ನಿದ್ದೆ ಸರಿಯಿಲ್ಲ ಎಂದು ಲೆಕ್ಕ. ಹಾಸ್ಟೆಲಿನ 30 ಮಂದಿ, ಮನೆಯಿಂದ ಬರುವ 30 ಮಂದಿ ಅದನ್ನು ತುಂಬಿದರು ಎನ್ನಿ. ಫಲಿತಾಂಶವನ್ನು ಹೀಗೆ ಬರೆಯಬೇಕು:

ಹಾಸ್ಟೆಲಿನವರ ಅಂಕ (ಎಂ = 7.23, ಎಸ್‌ಡಿ = 3.04) ಮನೆಯಿಂದ ಬರುವವರಿಗಿಂತ (ಎಂ = 5.90, ಎಸ್‌ಡಿ = 2.90) ಹೆಚ್ಚಿತ್ತು, ಆದರೆ ವ್ಯತ್ಯಾಸ ಸಾಂಖ್ಯಿಕವಾಗಿ ಗಮನಾರ್ಹವಲ್ಲ, ಟಿ(58) = 1.74, ಪಿ = .087, ಡಿ = 0.45.

‘ಎಂ’ ಸರಾಸರಿ. ‘ಎಸ್‌ಡಿ’ ನಾವು ಶಾಲೆಯಲ್ಲಿ ಮಾನಕ ವಿಚಲನೆ ಎಂದು ಕಲಿತದ್ದು, ಸರಾಸರಿಯ ಸುತ್ತ ಜನ ಎಷ್ಟು ಚದುರಿದ್ದಾರೆ ಎಂಬುದರ ಅಳತೆ. ‘ಟಿ’ ಎಂಬುದು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಕೊಟ್ಟ ಪರೀಕ್ಷೆಯ ಫಲ. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ, ಹಾಗಾಗಿ ‘ಸ್ಟೂಡೆಂಟ್’ ಎಂಬ ಹೆಸರಿಟ್ಟುಕೊಂಡ. ನಾನ್-ಡಿಸ್‌ಕ್ಲೋಷರ್ ಒಪ್ಪಂದಕ್ಕೆ ಸಹಿ ಹಾಕಿರುವ ನಮ್ಮಂಥವರಿಗೆ ಆತನ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಬ್ರಾಕೆಟ್ಟಿನೊಳಗಿನ 58 ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಕಿ. ಇದನ್ನು ಡಿಗ್ರೀಸ್ ಆಫ್ ಫ್ರೀಡಂ ಎನ್ನುತ್ತಾರೆ. ಎರಡು ಗುಂಪುಗಳನ್ನು ಹೋಲಿಸುವಾಗ ಒಟ್ಟು ಜನರಿಂದ ಎರಡು ಕಳೆದರೆ ಇದು ಬರುತ್ತದೆ, 60ರಲ್ಲಿ ಎರಡು ಹೋದರೆ 58. ಪ್ರಬಂಧದ ಆರಂಭದಲ್ಲಿ 60 ಮಂದಿ ಎಂದು ಬರೆದು, ಫಲಿತಾಂಶದಲ್ಲಿ ಟಿ(51) ಎಂದಿದ್ದರೆ ಏಳು ಮಂದಿ ಎಲ್ಲೋ ಕಾಣೆಯಾಗಿದ್ದಾರೆ ಎಂದರ್ಥ. ಫಾರ್ಮ್ ಅರ್ಧ ತುಂಬಿರಬಹುದು, ಅದು ತಪ್ಪಲ್ಲ. ಆದರೆ ಯಾಕೆ ಕೈಬಿಟ್ಟಿರಿ ಎಂದು ಹೇಳಲೇಬೇಕು. ಲೇಖಕ ಹೇಳದಿದ್ದರೂ ಆ ಬ್ರಾಕೆಟ್ಟು ಹೇಳಿಬಿಡುತ್ತದೆ.

‘ಪಿ’ ಎಂದರೇನು ಎಂಬುದನ್ನು ಹತ್ತು ಜನರನ್ನು ಕೇಳಿದರೆ ಎಂಟು ಜನ ತಪ್ಪು ಹೇಳುತ್ತಾರೆ ಎಂಬುದು ನನ್ನ ಅಂದಾಜು. ನಮ್ಮ ಊಹೆ ಸುಳ್ಳಾಗಿರುವ ಸಂಭವ ಅದಲ್ಲ. ಎರಡು ಗುಂಪುಗಳ ನಡುವೆ ನಿಜಕ್ಕೂ ಏನೇನೂ ವ್ಯತ್ಯಾಸವಿಲ್ಲ ಎಂದು ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರಿಯ ಆಕಸ್ಮಿಕವಾಗಿ ಕಾಣಿಸುವ ಸಂಭವ ಎಷ್ಟು ಎಂಬುದು ಅದು. ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಗಣನೆಗೆ ತೆಗೆದುಕೊಳ್ಳಬಹುದು ಎಂಬ .05ರ ಗೆರೆಯನ್ನು ಜನಪ್ರಿಯಗೊಳಿಸಿದವನು ರೊನಾಲ್ಡ್ ಫಿಶರ್, 1925ರ ತನ್ನ ಪುಸ್ತಕದಲ್ಲಿ. ಅನುಕೂಲಕ್ಕೆಂದು ಎಳೆದ ಗೆರೆ ಮುಂದೆ ಲಕ್ಷ್ಮಣರೇಖೆಯಾಗಿ ಕುಳಿತಿತು. ಒಂದೇ ಗೆರೆಯನ್ನು ಎಲ್ಲ ಸಂದರ್ಭಕ್ಕೂ ಹಿಡಿಯಬಾರದು ಎಂದು ಮುಂದೆ ಫಿಶರನೇ ಬರೆದ. ಅಷ್ಟರಲ್ಲಿ ಕೇಳುವವರು ಇರಲಿಲ್ಲ.

ಇಲ್ಲೊಂದು ನಮ್ಮ ಕಡೆಯ ನಂಟು ಹೇಳದೆ ಮುಂದೆ ಹೋಗಲಾರೆ. ಕೇಂಬ್ರಿಜ್‌ನಲ್ಲಿ ಇದೇ ಫಿಶರನ ಕೈಕೆಳಗೆ ಪಿಎಚ್.ಡಿ. ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹಡಗಲಿಯಲ್ಲಿ. ತೆಲುಗು ಮನೆತನ, ಆದರೂ ಹೂವಿನ ಹಡಗಲಿಯವರು ಹೆಮ್ಮೆಪಡಲು ಅಡ್ಡಿಯಿಲ್ಲ. ಅತ್ತ ಮೈಸೂರಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್‌ನ ಶಿಷ್ಯರು. ಸಹಸಂಬಂಧದ ಲೆಕ್ಕ ಹಾಕುವವರು ಇಂದಿಗೂ ಆ ಸ್ಪಿಯರ್‌ಮನ್ ಹೆಸರನ್ನು ಬರೆಯುತ್ತಾರೆ. ಗೋಪಾಲಸ್ವಾಮಿಯವರನ್ನು ನಾವು ನೆನೆಯುವುದು ಮಾತ್ರ ಬೇರೆ ಕಾರಣಕ್ಕೆ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು ‘ಆಕಾಶವಾಣಿ’ ಎಂದು ಕರೆದವರು ಅವರೇ.

ಸಂಕ್ಷೇಪಗಳ ವಿಷಯಕ್ಕೆ ಬರೋಣ. ಎಪಿಎಯ ಧೋರಣೆ ಸರಳ: ಸಂಕ್ಷೇಪ ಓದುಗರ ಅನುಕೂಲಕ್ಕೆ, ಬರೆಯುವವರ ಸೋಮಾರಿತನಕ್ಕಲ್ಲ. ಕನಿಷ್ಠ ಮೂರು ಸಲವಾದರೂ ಬರದಿದ್ದರೆ ಸಂಕ್ಷೇಪವನ್ನು ಮಾಡಲೇಬೇಡಿ. ಗಂಟೆ, ನಿಮಿಷ, ಸೆಕೆಂಡುಗಳನ್ನು ಅಂಕಿಯ ಜೊತೆ ಮೊಟಕು ಮಾಡಬಹುದು. ದಿನ, ವಾರ, ತಿಂಗಳು, ವರ್ಷಗಳನ್ನು ಮಾಡಬಾರದು. ಐಕ್ಯೂ ಎಂಬಂಥವು ನಿಘಂಟಿನಲ್ಲಿ ಪದವಾಗಿಯೇ ಸೇರಿಹೋಗಿರುವುದರಿಂದ ಬಿಡಿಸಿ ಹೇಳುವ ಅಗತ್ಯವಿಲ್ಲ. ಉಳಿದದ್ದನ್ನು ಬಿಡಿಸಲೇಬೇಕು. ಯಾಕೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ನಾದಿನಿ ಸಿಬಿಟಿ ಎಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ನಾನು ಸಿಬಿಟಿ ಎಂದರೆ ಕಂಪ್ಯೂಟರ್ ಬೇಸ್ಡ್ ಟ್ರೇನಿಂಗ್. ಅವಳ ಎಸ್‌ಇ ಸ್ಟ್ಯಾಂಡರ್ಡ್ ಎರರ್, ನನ್ನ ಎಸ್‌ಇ ಸಾಫ್ಟ್‌ವೇರ್ ಎಂಜಿನಿಯರ್.

ಈ ಎಸ್‌ಇ ಬಗ್ಗೆ ಎಚ್ಚರ ಇರಲಿ. ಎಸ್‌ಡಿಯನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಎಸ್‌ಇ. 64 ಮಂದಿಯ ಎಸ್‌ಡಿ 4 ಇದ್ದರೆ ಎಸ್‌ಇ ಬರಿಯ 0.5. ನಕ್ಷೆಯಲ್ಲಿ ‘ಪ್ಲಸ್ ಆರ್ ಮೈನಸ್’ ಗೆರೆ ಎಳೆದು ಅದು ಎಸ್‌ಡಿಯೋ ಎಸ್‌ಇಯೋ ಹೇಳದೆ ಬಿಟ್ಟರೆ, ಎಂಟು ಪಟ್ಟು ಚದುರಿದ ಜನ ಸಾಲಾಗಿ ನಿಂತಂತೆ ಕಾಣುತ್ತಾರೆ.

ಸಂಕ್ಷೇಪದಲ್ಲಿ ಮನುಷ್ಯನೇ ಕಳೆದುಹೋದದ್ದೂ ಉಂಟು. ಹಳೆಯ ಪ್ರಬಂಧಗಳಲ್ಲಿ ಪ್ರಯೋಗಕ್ಕೆ ಒಳಗಾದವರನ್ನು ಬರಿಯ ‘ಎಸ್’ ಎಂದೂ ಪ್ರಯೋಗ ಮಾಡುವವರನ್ನು ‘ಇ’ ಎಂದೂ ಬರೆಯುತ್ತಿದ್ದರು. ಸಬ್ಜೆಕ್ಟ್ ಮತ್ತು ಎಕ್ಸ್‌ಪೆರಿಮೆಂಟರ್. ಆ ಒಂಟಿ ಅಕ್ಷರಗಳು ಮರೆಯಾದವು, 1994ರ ನಾಲ್ಕನೆಯ ಆವೃತ್ತಿ ‘ಸಬ್ಜೆಕ್ಟ್’ ಬದಲು ‘ಪಾರ್ಟಿಸಿಪೆಂಟ್’ ಎನ್ನಿ ಎಂದಿತು. ಫಾರ್ಮ್ ತುಂಬಿದವನು ನಮ್ಮ ಪ್ರಯೋಗದ ವಸ್ತುವಲ್ಲ, ಪಾಲುಗೊಂಡವನು.

ಈ ನಿಯಮಗಳೆಲ್ಲ ಪರೀಕ್ಷೆಯಲ್ಲಿ ಅಂಕ ಕಳೆಯುವುದಕ್ಕಷ್ಟೇ ಇರುವುದು ಎಂದು ನಾನೂ ಅಂದುಕೊಳ್ಳುತ್ತಿದ್ದೆನೇನೋ, ‘ಸ್ಟಾಟ್‌ಚೆಕ್’ ಬಗ್ಗೆ ಓದದಿದ್ದರೆ. ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಕಟ್ಟಿದ ಪುಟ್ಟ ಪ್ರೋಗ್ರಾಮು ಇದು. ಟಿ(58) = 1.74, ಪಿ = .087 ಎಂಬ ಸಾಲಿನಲ್ಲಿ ಮೂರು ಅಂಕಿಗಳಿವೆ. ಮೊದಲೆರಡು ಗೊತ್ತಿದ್ದರೆ ಮೂರನೆಯದನ್ನು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಎಲ್ಲರೂ ಒಂದೇ ರೀತಿಯಲ್ಲಿ, ಅದೇ ಬ್ರಾಕೆಟ್ಟು, ಅದೇ ಕಾಮಾ ಹಾಕಿ ಬರೆಯುವುದರಿಂದ ಕಂಪ್ಯೂಟರು ಆ ಸಾಲನ್ನು ಹುಡುಕಿ ಹಿಡಿಯಬಲ್ಲದು. ಲಾಗ್ ಫೈಲಿನಲ್ಲಿ ಎರರ್ ಹುಡುಕಲು ನಾವು ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆಯುತ್ತೇವಲ್ಲ, ಅದೇ ಉಪಾಯ. ಸ್ಟಾಟ್‌ಚೆಕ್ ಸಾಲನ್ನು ಹಿಡಿಯುತ್ತದೆ, ಪಿ ಬೆಲೆಯನ್ನು ತಾನೇ ಲೆಕ್ಕ ಹಾಕುತ್ತದೆ, ಲೇಖಕ ಬರೆದದ್ದಕ್ಕೆ ಹೋಲಿಸುತ್ತದೆ.

1985ರಿಂದ 2013ರವರೆಗೆ ಎಂಟು ಪ್ರಮುಖ ಮನಃಶಾಸ್ತ್ರ ನಿಯತಕಾಲಿಕಗಳಲ್ಲಿ ಬಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಪಿ ಬೆಲೆಗಳನ್ನು ಅವರು ಹೀಗೆ ಜಾಲಿಸಿದರು. ಇಂಥ ಪರೀಕ್ಷೆಗಳನ್ನು ಬಳಸಿದ ಪ್ರಬಂಧಗಳಲ್ಲಿ ಅರ್ಧದಷ್ಟರಲ್ಲಿ ಕನಿಷ್ಠ ಒಂದಾದರೂ ತಾಳೆಯಾಗದ ಪಿ ಸಿಕ್ಕಿತು. ಎಂಟರಲ್ಲಿ ಒಂದು ಪ್ರಬಂಧದಲ್ಲಿ ತಪ್ಪು ಎಷ್ಟು ದೊಡ್ಡದೆಂದರೆ ತೀರ್ಮಾನವೇ ಬದಲಾಗಬಹುದಿತ್ತು. ಇಂಥ ದೊಡ್ಡ ತಪ್ಪುಗಳು ‘ಗಮನಾರ್ಹ’ ಎಂದು ವರದಿಯಾದ ಫಲಿತಾಂಶಗಳಲ್ಲೇ ಹೆಚ್ಚಿದ್ದವು. ಬರಿಯ ಬೆರಳಚ್ಚಿನ ತಪ್ಪಾದರೆ ಎರಡೂ ಕಡೆ ಸಮನಾಗಿ ಬೀಳಬೇಕಿತ್ತು, ಒಂದೇ ಕಡೆ ವಾಲಿದರೆ ತಕ್ಕಡಿಯ ಬಗ್ಗೆ ಅನುಮಾನ ಬರುತ್ತದೆ. 2016ರಲ್ಲಿ ಇದೇ ಪ್ರೋಗ್ರಾಮನ್ನು ಸುಮಾರು ಐವತ್ತು ಸಾವಿರ ಪ್ರಬಂಧಗಳ ಮೇಲೆ ಓಡಿಸಿ ವರದಿಗಳನ್ನು ಬಹಿರಂಗವಾಗಿ ಹಾಕಿದಾಗ ದೊಡ್ಡ ರಂಪವಾಯಿತು, ಜರ್ಮನಿಯ ಮನಃಶಾಸ್ತ್ರಜ್ಞರ ಸಂಘ ಆಕ್ಷೇಪಿಸಿತು. ಟೆಸ್ಟರುಗಳ ಮೇಲೆ ಡೆವಲಪರುಗಳಿಗೆ ಬರುವ ಸಿಟ್ಟು ನನಗೆ ಹೊಸದಲ್ಲ.

ಇನ್ನೊಂದು ಪರೀಕ್ಷೆಗಂತೂ ಕಂಪ್ಯೂಟರೂ ಬೇಡ. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಎಂಬಿಬ್ಬರು ರೂಪಿಸಿದ ‘ಗ್ರಿಮ್’. ನಿದ್ದೆಯ ಅಂಕ ಪೂರ್ಣಾಂಕ, ಏಳೋ ಎಂಟೋ ಇರುತ್ತದೆ, ಏಳೂಕಾಲು ಇರುವುದಿಲ್ಲ. 30 ಮಂದಿಯ ಒಟ್ಟು ಅಂಕ 217 ಆದರೆ ಸರಾಸರಿ 7.23. ಒಟ್ಟು 218 ಆದರೆ 7.27. ನಡುವೆ ಏನೂ ಇಲ್ಲ. ಯಾರಾದರೂ 30 ಮಂದಿಯ ಸರಾಸರಿ 7.25 ಎಂದು ಬರೆದರೆ ಅಂಥ ಅಂಕಿ ಇರಲು ಸಾಧ್ಯವೇ ಇಲ್ಲ. ಅವರಿಬ್ಬರು ಹೀಗೆ ಪರೀಕ್ಷಿಸಲು ಬಂದ 71 ಪ್ರಬಂಧಗಳಲ್ಲಿ 36ರಲ್ಲಿ ಇಂಥ ಅಸಾಧ್ಯ ಸರಾಸರಿ ಒಂದಾದರೂ ಸಿಕ್ಕಿತು. ಕಿರಾಣಿ ಅಂಗಡಿಯ ಚೀಟಿಯನ್ನು ನಮ್ಮ ಅತ್ತೆ ಪರೀಕ್ಷಿಸುವುದು ಇದೇ ರೀತಿ. ಐದರ ಪಟ್ಟಿಯಲ್ಲಿ ಮೂರು ರೂಪಾಯಿ ಎಲ್ಲಿಂದ ಬಂತು?

ಇನ್ನು ನಾದಿನಿಯ ಕತೆ. ಮೇಲಿನ ಉದಾಹರಣೆಯಂತೆಯೇ ಅವಳ ಪಿ ಕೂಡ ಗೆರೆಯ ಆಚೆ ಬಿತ್ತು. ಗೈಡ್ ನೋಡಿ ಮುಖ ಸಣ್ಣದು ಮಾಡಿದರಂತೆ. ಒಂದು ರಾತ್ರಿ ಊಟವಾದ ಮೇಲೆ ಬಂದು ಕುಳಿತಳು.

“ಏಳೆಂಟು ಮಂದೀನ ಔಟ್‌ಲಯರ್ ಅಂತ ತಗದ್ರ ಪಾಯಿಂಟ್ ಸೊನ್ನಿ ಐದರ ಒಳಗ ಬರ್ತದ ಅಂತಾರ್ರಿ ವೈನಿ.”

“ತಗೀಲಿಕ್ಕೆ ಕಾರಣ ಏನದ?”

“ಕಾರಣ ಏನಿಲ್ರಿ. ಅವರು ಹಾಸ್ಟೆಲ್‌ನ್ಯಾಗ ಚೊಲೊ ನಿದ್ದಿ ಮಾಡ್ತಾರ, ಅಷ್ಟ.”

ಇಬ್ಬರೂ ನಕ್ಕೆವು. ನಗುವ ವಿಷಯವಾಗಿರಲಿಲ್ಲ. ಸಹಿ ಹಾಕಬೇಕಾದವರು ಅವರು, ಆಂತರಿಕ ಅಂಕ ಅವರ ಕೈಯಲ್ಲಿ, ಸಲ್ಲಿಕೆಗೆ ಉಳಿದದ್ದು ಹನ್ನೊಂದು ದಿನ. ಇನ್ನೊಂದು ದಾರಿಯನ್ನೂ ಅವರೇ ತೋರಿಸಿದ್ದರು. ‘ಒನ್ ಟೇಲ್ಡ್’ ಪರೀಕ್ಷೆ ಎಂದು ಬರೆದುಬಿಡು, ಪಿ ಅರ್ಧವಾಗುತ್ತದೆ. ಲೆಕ್ಕದ ಮಟ್ಟಿಗೆ ಅದು ನಿಜ, .087 ಇದ್ದದ್ದು .044 ಆಗುತ್ತದೆ. ಆದರೆ ವ್ಯತ್ಯಾಸ ಯಾವ ದಿಕ್ಕಿಗೆ ಬರುತ್ತದೆಂದು ಫಾರ್ಮ್ ಹಂಚುವ ಮೊದಲೇ ಹೇಳಿದ್ದವರಿಗೆ ಮಾತ್ರ ಆ ರಿಯಾಯಿತಿ. ಮ್ಯಾಚ್ ಮುಗಿದ ಮೇಲೆ ಬೌಂಡರಿ ಗೆರೆಯನ್ನು ಒಳಗೆ ಎಳೆಯುವಂತಿಲ್ಲ. ಅವಳ ಪ್ರಸ್ತಾವನೆಯಲ್ಲಿ ದಿಕ್ಕು ಹೇಳಿರಲಿಲ್ಲ.

ನಾನೇನೂ ಉಪದೇಶ ಮಾಡಲಿಲ್ಲ, ಅಂಕ ಹೋಗುವುದು ಅವಳದು. ಎರಡು ದಿನ ಬಿಟ್ಟು ತಾನೇ ಬಂದು, “ಹಂಗ ಬರದೇನ್ರಿ ವೈನಿ, ಇದ್ದದ್ದು ಇದ್ಹಂಗ” ಎಂದಳು. ಬ್ರಾಕೆಟ್ಟಿನಲ್ಲಿ ಜನ ಪೂರ್ತಿ ಇದ್ದರು. ಪಕ್ಕದಲ್ಲಿ ಪರಿಣಾಮದ ಗಾತ್ರವನ್ನೂ ಅದರ ವಿಶ್ವಾಸಾಂತರವನ್ನೂ ಕೊಟ್ಟಿದ್ದಳು. ಗೈಡ್ ಕೊನೆಯ ದಿನದವರೆಗೂ ಸತಾಯಿಸಿ ಸಹಿ ಹಾಕಿದರು. “ಸಿಗ್ನಿಫಿಕಂಟ್ ಇಲ್ಲದ್ದನ್ನು ಯಾರು ಓದುತ್ತಾರೆ” ಎಂದರಂತೆ.

ಆ ಮಾತಿನಲ್ಲೇ ರೋಗದ ಮೂಲವಿದೆ. ಗೆರೆ ದಾಟದ ಫಲಿತಾಂಶ ಮೇಜಿನ ಡ್ರಾಯರಿನಲ್ಲೇ ಉಳಿಯುತ್ತದೆ ಎಂದು ರಾಬರ್ಟ್ ರೋಸೆಂಥಾಲ್ 1979ರಲ್ಲೇ ಎಚ್ಚರಿಸಿದ್ದರು. ಓದುವವರಿಗೆ ಗೆದ್ದವು ಮಾತ್ರ ಕಾಣುತ್ತವೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಯತ್ನದಲ್ಲಿ ಮನಃಶಾಸ್ತ್ರದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇಕಡಾ 97 ಗಮನಾರ್ಹವಾಗಿದ್ದವು, ಮರುಪ್ರಯೋಗದಲ್ಲಿ ಶೇಕಡಾ 36. ಜೇಕಬ್ ಕೋಹೆನ್ ಅಂಥವರು ಬಹಳ ಹಿಂದಿನಿಂದ ಹೇಳುತ್ತಿದ್ದದ್ದು ಇದನ್ನೇ: ಗೆರೆ ದಾಟಿತೋ ಇಲ್ಲವೋ ಎಂಬುದೊಂದೇ ಸಾಲದು, ಎಷ್ಟು ದೊಡ್ಡ ವ್ಯತ್ಯಾಸ ಎಂಬುದನ್ನೂ ಹೇಳಿ. ನಮ್ಮ ಉದಾಹರಣೆಯ ಕೊನೆಯಲ್ಲಿದ್ದ ‘ಡಿ = 0.45’ ಅವನ ಹೆಸರಿನ ಅಳತೆಯೇ. ಎರಡು ಗುಂಪುಗಳ ಸರಾಸರಿಗಳು ಎಸ್‌ಡಿಯ ಸುಮಾರು ಅರ್ಧದಷ್ಟು ದೂರದಲ್ಲಿವೆ ಎಂದರ್ಥ. ಅದು ಸಣ್ಣದೇನಲ್ಲ. ಆದರೆ 60 ಮಂದಿಯಿಂದ ಬಂದ ಈ ಅಂದಾಜಿನ ವಿಶ್ವಾಸಾಂತರ ಸೊನ್ನೆಗಿಂತ ತುಸು ಕೆಳಗಿನಿಂದ ಹಿಡಿದು ಒಂದರ ಹತ್ತಿರದವರೆಗೆ ಚಾಚುತ್ತದೆ. ಅಂದರೆ ಹಾಸ್ಟೆಲು ನಿದ್ದೆ ಕೆಡಿಸುತ್ತದೆ ಎಂದೂ ಹೇಳಲಾಗದು, ಕೆಡಿಸುವುದಿಲ್ಲ ಎಂದೂ ಹೇಳಲಾಗದು.

ಇದರಿಂದ ನನಗೆ ಆದ ಒಂದು ಲಾಭವೆಂದರೆ ಆಫೀಸಿನಲ್ಲಿ ನನ್ನನ್ನು ಕಂಡರೆ ಕೆಲವರಿಗೆ ಭಯ. ಈಚೆಗೆ ಮಾನಸಿಕ ಆರೋಗ್ಯದ ಆ್ಯಪ್ ಒಂದನ್ನು ಮಾರಲು ಬಂದವರು ಸ್ಲೈಡಿನಲ್ಲಿ ‘ಪಿ = 0.000’ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಸಂಭವ ಸೊನ್ನೆಯಾಗುವುದಿಲ್ಲ. ಎಸ್‌ಪಿಎಸ್‌ಎಸ್ ಎಂಬ ಸಾಫ್ಟ್‌ವೇರು ಮೂರು ದಶಮಾಂಶಕ್ಕೆ ಕತ್ತರಿಸಿ ತೋರಿಸುವುದನ್ನು ಹಾಗೇ ಎತ್ತಿ ಅಂಟಿಸಿದ್ದರು. ಎಪಿಎ ಪ್ರಕಾರ ಅದನ್ನು .001ಕ್ಕಿಂತ ಕಡಿಮೆ ಎಂದು ಬರೆಯಬೇಕು. ಅದು ಹೋಗಲಿ, ಎಷ್ಟು ಜನರ ಮೇಲೆ ನೋಡಿದಿರಿ, ಆ್ಯಪ್ ಬಳಸದ ಗುಂಪು ಇತ್ತೇ, ಎಷ್ಟು ಜನ ನಡುವೆ ಬಿಟ್ಟರು ಎಂದು ಕೇಳಿದೆ. “ನೋಡಿ ತಿಳಿಸ್ತೀವಿ ಮೇಡಂ” ಎಂದರು. ಮೂರು ತಿಂಗಳಾಯಿತು. ಅಷ್ಟರಲ್ಲಿ ನಮ್ಮ ತಂಡದವರೆಲ್ಲ ಖಿನ್ನತೆಯ ಪಿಎಚ್‌ಕ್ಯೂ-9 ಫಾರ್ಮ್ ತುಂಬಿ ಆಗಿತ್ತು.

ಮಕ್ಕಳ ಐಕ್ಯೂ ವರದಿ ಹಿಡಿದು ಬರುವ ಗೆಳತಿಯರಿಗೂ ಈಗ ಒಂದು ಮಾತು ಹೇಳುತ್ತೇನೆ. ಈ ಪರೀಕ್ಷೆಗಳ ಸರಾಸರಿ 100, ಎಸ್‌ಡಿ 15 ಎಂದು ಕೂಡಿಸಿಟ್ಟಿರುತ್ತಾರೆ. ನಿಮ್ಮ ಮಗನಿಗೆ 108, ಪಕ್ಕದ ಫ್ಲ್ಯಾಟಿನವನಿಗೆ 112 ಬಂದರೆ ನಿದ್ದೆಗೆಡಬೇಡಿ. ಆ ಅಂಕದ ಪಕ್ಕದಲ್ಲಿ ಬ್ರಾಕೆಟ್ಟಿನಲ್ಲಿ ಸಣ್ಣಗೆ ಎರಡು ಅಂಕಿ ಇರುತ್ತವೆ, ಅದು ವಿಶ್ವಾಸಾಂತರ. ಮೊದಲು ಅದನ್ನು ಓದಿ. ಎರಡೂ ಮಕ್ಕಳ ಅಂತರಗಳು ಒಂದರ ಮೇಲೊಂದು ಮಲಗಿರುತ್ತವೆ.

ಇದನ್ನೆಲ್ಲ ಕನ್ನಡದಲ್ಲೇ ಬರೆಯುವುದಾದರೆ ಹೇಗೆ ಎಂಬ ಪ್ರಶ್ನೆ ಈ ಲೇಖನ ಬರೆಯುವಾಗ ಕಾಡಿತು. ಎಪಿಎಯಲ್ಲಿ ಒಟ್ಟು ಜನರಿಗೆ ದೊಡ್ಡ ‘ಎನ್’, ಒಂದು ಗುಂಪಿನವರಿಗೆ ಚಿಕ್ಕ ‘ಎನ್’. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಅಂಕಿಅಂಶದ ಚಿಹ್ನೆಗಳನ್ನು ವಾಲಿಸಿ ಬರೆಯಬೇಕು ಎನ್ನುತ್ತಾರೆ, ಕನ್ನಡ ಅಕ್ಷರ ವಾಲಿಸಿದರೆ ಮಳೆಗೆ ನೆನೆದ ಬೋರ್ಡಿನ ಹಾಗೆ ಕಾಣುತ್ತದೆ. ನಾದಿನಿಯನ್ನು ಕೇಳಿದರೆ, “ಮೊದಲ ಫಾರ್ಮ್ ಕನ್ನಡದಾಗ ಮಾಡೋಣ್ರಿ, ಆಮ್ಯಾಲೆ ಪ್ರಬಂಧ” ಎನ್ನುತ್ತಾಳೆ. ಅವಳು ಅದೇ ಅಧ್ಯಯನವನ್ನು ಇನ್ನೊಮ್ಮೆ ಮಾಡುವವಳಿದ್ದಾಳೆ, ಈ ಸಲ ಧಾರವಾಡದ ಹಾಸ್ಟೆಲುಗಳನ್ನೂ ಸೇರಿಸಿಕೊಂಡು. ಡಿ 0.45ರಷ್ಟಿದ್ದರೆ ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಲು ಗುಂಪಿಗೆ ಸುಮಾರು 80 ಮಂದಿ ಬೇಕೆಂದು ಮೊದಲೇ ಲೆಕ್ಕ ಹಾಕಿದ್ದೇವೆ. ವ್ಯತ್ಯಾಸ ಯಾವ ದಿಕ್ಕಿಗೆ ಎಂಬುದನ್ನೂ ಈ ಬಾರಿ ಮೊದಲೇ ಬರೆದಿಟ್ಟಿದ್ದಾಳೆ. ಮನೆಯಿಂದ ಓಡಾಡುವ ಹುಡುಗರು ಬೇಗ ಸಿಗುತ್ತಾರೆ, ಹಾಸ್ಟೆಲಿನವರು ಸಿಗುವುದು ಕಷ್ಟ. ನಿಮ್ಮ ಮಕ್ಕಳೋ ತಂಗಿ-ತಮ್ಮಂದಿರೋ ಹಾಸ್ಟೆಲಿನಲ್ಲಿದ್ದರೆ ಸಂಪಾದಕರಿಗೆ ತಿಳಿಸಿ. ಫಾರ್ಮ್ ತುಂಬಲು ಹತ್ತು ನಿಮಿಷ ಸಾಕು, ಚೆನ್ನಾಗಿ ನಿದ್ದೆ ಮಾಡುವವರೂ ಬೇಕು.